ಭುವನಾಳ ಓಟ

ನಮ್ಮ ಕರ್ಜಗಿಯ ಭುವನಾಳಿಗೆ ನಿಧಾನವಾಗಿ ನಡೆಯುವುದೇ ಗೊತ್ತಿಲ್ಲ; ಸಕ್ಕರೆ ತರಲು ಕಳಿಸಿದರೂ ಓಡಿಯೇ ಹೋಗುತ್ತಾಳೆ. ಉಣ್ಣಲು ಕರೆದರೆ “ಇನ್ನೊಂದ ಸುತ್ತು ಐತಿ” ಎನ್ನುತ್ತಾಳೆ. ಹೈಸ್ಕೂಲಿನಲ್ಲಿ ಮೊದಲ ಸುತ್ತಿಗೇ ಉಸಿರೆಲ್ಲ ಖರ್ಚು ಮಾಡಿ ಸೋಲುತ್ತಿದ್ದವಳು, ಹಾವೇರಿಯ ಕಾಲೇಜು ಸೇರಿದ ಮೇಲೆ ಕೊನೆಯ ಸುತ್ತಿಗೆ ಬಲ ಉಳಿಸಿಕೊಳ್ಳುವುದನ್ನು ಕಲಿತು ಗೆಲ್ಲತೊಡಗಿದಳು. ಹೊಲ ಬಿಟ್ಟು ಎಲ್ಲಿಗೂ ಹೋಗದ ಅವ್ವ ದೇವವ್ವ ಅವಳ ಒಂದು ಓಟವನ್ನೂ ನೋಡಿರಲಿಲ್ಲ. ಕೊನೆಯ ವರ್ಷ ರಾಣೇಬೆನ್ನೂರಿನ ಸ್ಪರ್ಧೆಗೆ ಬಂದಳು. ಅಂದೇ ಭುವನಾಳ ಮೊಣಕಾಲು ಕೈಕೊಟ್ಟಿತು. ಉಳಿದವರೆಲ್ಲ ಮುಗಿಸಿದ ಮೇಲೆ ಅವಳೊಬ್ಬಳೇ ಕುಂಟುತ್ತ ಓಡಿ ಗೆರೆ ದಾಟಿದಳು. “ನೀ ಬಂದ ದಿನಾನ ಸೋತೆನವ್ವ” ಎಂದಳು, ತಲೆ ಎತ್ತದೆ. ದೇವವ್ವ ಸೆರಗಿನಿಂದ ಮಗಳ ಮುಖ ಒರೆಸಿದಳು. “ನೀ ಗೆದ್ದಿದ್ದನ್ನ ಮಂದಿ ಹೇಳ್ಯಾರ. ನೀ ಓಡೂದನ್ನ ನಾ ಇವತ್ತ ನೋಡಿದೆ.”