ನಮ್ಮ ಪಿಕಪ್ಪಿಗೆ ಗಾಳಿ ಹಿಡಿದದ್ದು

ಮೆತ್ತಗಿರುವುದೆಲ್ಲ ಒಳ್ಳೆಯದು ಎಂಬ ಭ್ರಮೆಯಲ್ಲಿ ಐವತ್ತೆಂಟು ವರ್ಷ ಕಳೆದವನು ನಾನು. ತಪ್ಪು ಪೂರ್ತಿ ನನ್ನದಲ್ಲ, ಅರ್ಧ ಕಸುಬಿನದು. ಮುಂಬಯಿಯ ಬೈಕುಲ್ಲಾದ ಗಲ್ಲಿಯೊಂದರಲ್ಲಿ ಇಡ್ಲಿ ಹಿಟ್ಟು ರುಬ್ಬಿ ಫೋರ್ಟಿನ ಹೋಟೆಲುಗಳಿಗೆ ಕಳಿಸುವ ಮನುಷ್ಯ ನಾನು. ನಮ್ಮಲ್ಲಿ ‘ಮೆತ್ತಗಿದೆ’ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಹಾಗಾಗಿ ಕಳೆದ ಸೋಮವಾರ ತಮ್ಮ ಜಯಕರ ಹಿಟ್ಟಿನ ಡ್ರಮ್ಮುಗಳನ್ನು ತಲುಪಿಸಿ ಬಂದು, “ಅಣ್ಣ, ಪಿಕಪ್ಪಿನ ಬ್ರೇಕ್ ಸ್ವಲ್ಪ ಮೆತ್ತಗಾಗಿದೆ” ಎಂದಾಗ, “ಒಳ್ಳೇದೇ ಆಯ್ತಲ್ಲ, ಕಾಲಿಗೆ ಆರಾಮ” ಎಂದುಬಿಟ್ಟೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಕೈತೊಳೆಯಲು ಹೋದ.

ಮಂಗಳವಾರ ಮತ್ತೆ ಹೇಳಿದ. ನಾನು “ನೋಡುವ” ಎಂದೆ. ಈ ‘ನೋಡುವ’ ಇದೆಯಲ್ಲ, ಅದು ನಮ್ಮ ಮಂಗಳೂರು ಕಡೆಯವರ ಒಂದು ಅಪೂರ್ವ ಕ್ರಿಯಾಪದ. ಕೇಳಿದವನಿಗೆ ಕೆಲಸ ಆದಷ್ಟೇ ಸಮಾಧಾನ, ಹೇಳಿದವನಿಗೆ ಏನೂ ಮಾಡಬೇಕಾಗಿಲ್ಲ. ಮದುವೆ, ಕೋರ್ಟು, ಹಲ್ಲುನೋವು, ಎಲ್ಲವನ್ನೂ ನಾವು ‘ನೋಡುವ’ ಎಂದೇ ಇಷ್ಟು ದೂರ ತಂದಿದ್ದೇವೆ.

ಬುಧವಾರ ಜಯಕರ ಏನೂ ಹೇಳಲಿಲ್ಲ. ಹೇಳಿದವನು ಈರುಳ್ಳಿ ಕೈಗಾಡಿಯ ಒಬ್ಬ ಮುದುಕ. ನೇರ ನಮ್ಮ ಅಂಗಡಿಗೇ ಬಂದು, “ಮಾರ್ ಡಾಲೋಗೇ ಕ್ಯಾ, ಶೇಟ್?” ಕೊಂದೇ ಹಾಕುತ್ತೀರಾ ಎಂದು ಗದರಿದ. ಮಾರ್ಕೆಟ್ಟಿನ ತಿರುವಿನಲ್ಲಿ ನಮ್ಮ ಪಿಕಪ್ಪು ಅವನ ಬೆನ್ನಿಗೆ ಒಂದು ಗೇಣು ಉಳಿದಾಗ ನಿಂತಿತಂತೆ. ಆ ಗೇಣು ಗೇಣಾಗಿ ಉಳಿಯದಿದ್ದರೆ? ಮುದುಕನಿಗೆ ಒಂದು ಲೋಟ ಚಹಾ ಕೊಟ್ಟು ಕೈಮುಗಿದೆ. ಜಯಕರ ಮೂಲೆಯಲ್ಲಿ ನಿಂತು ಕಾಲಿನ ಬೆರಳು ನೋಡುತ್ತಿದ್ದ. ಅವನಿಗೆ ಬೈಯಲು ಬಾಯಿ ತೆರೆದವನು, ಬೈಸಿಕೊಳ್ಳಬೇಕಾದವನು ನಾನೇ ಎಂದು ನೆನಪಾಗಿ ಮುಚ್ಚಿಕೊಂಡೆ.

ಗುರುವಾರ ಬೆಳಗ್ಗೆ ಬಾಡಿಗೆ ಟೆಂಪೋದಲ್ಲಿ ಹಿಟ್ಟು ಹೋಯಿತು, ಜೊತೆಗೆ ಜಯಕರನೂ. ಆದರೆ ಮಧ್ಯಾಹ್ನ ನಾಲ್ಕಕ್ಕೆ ಪವಾಯಿಯ ಒಂದು ಗೃಹಪ್ರವೇಶಕ್ಕೆ ನಾವೇ ಮಾಡಿಕೊಡಲು ಒಪ್ಪಿದ್ದ ಸಾಂಬಾರು, ಇಡ್ಲಿ ಮುಟ್ಟಿಸಬೇಕಿತ್ತು. ಆ ಹೊತ್ತಿಗೆ ಟೆಂಪೋ ಇಲ್ಲವೆಂದ ಅದರ ಯಜಮಾನ. ಆ ಬಿಲ್ಡಿಂಗ್ ಇರುವುದೋ ಒಂದು ಇಳಿಜಾರಿನ ಬುಡದಲ್ಲಿ. ಕುದಿಯುವ ಸಾಂಬಾರಿನ ಡ್ರಮ್ಮುಗಳು ಹಿಂದೆ, ನನ್ನ ಒಬ್ಬನೇ ತಮ್ಮ ಮುಂದೆ, ನಡುವೆ ಮೆತ್ತಗಿನ ಬ್ರೇಕು. ಈ ಚಿತ್ರ ಕಣ್ಣ ಮುಂದೆ ಬಂದದ್ದೇ ಗಲ್ಲಿಯ ಬಾಯಲ್ಲಿರುವ ದಸ್ತಗೀರ್ ಮಿಸ್ತ್ರಿಯ ಗ್ಯಾರೇಜಿಗೆ ಓಡಿದೆ.

ದಸ್ತಗೀರ್ ವಿಜಯಪುರದವರು. ನನ್ನ ಜೊತೆಗೇ ಅಂಗಡಿಗೆ ಬಂದು, ಪಿಕಪ್ಪು ಹತ್ತಿ ಪೆಡಲು ಒತ್ತಿದರು. ಅದು ತಳದವರೆಗೆ ಹೋಯಿತು. ಪಟಪಟನೆ ಮೂರು ಸಲ ಒತ್ತಿದರು, ಸ್ವಲ್ಪ ಮೇಲೆ ಬಂತು. ಒತ್ತಿ ಹಿಡಿದು ಕೂತರು, ಅಲ್ಲೇ ನಿಂತಿತು. ವೈದ್ಯರು ನಾಡಿ ಹಿಡಿದಾಗ ರೋಗಿಯ ಕಡೆಯವರು ಮುಖ ನೋಡುತ್ತಾರಲ್ಲ, ಹಾಗೆ ನೋಡುತ್ತಾ ನಿಂತಿದ್ದೆ.

“ಮಾಸ್ಟರ್ ಸಿಲಿಂಡರ್ ಛಲೋ ಐತ್ರಿ. ಅದು ಹೋಗಿದ್ರ ಪೆಡಲ್ ಹಿಂಗ ನಿಲ್ಲತಿರಲಿಲ್ಲ. ಒಳಗ ಗಾಳಿ ಸೇರೈತಿ” ಎಂದರು. ಎಡ ಹಿಂಚಕ್ರ ಬಿಚ್ಚಿದರೆ ಒಳಗೆಲ್ಲ ಒದ್ದೆ. ಅಲ್ಲಿನ ಪುಟ್ಟ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಸೋರಿ, ಆ ಜಾಗಕ್ಕೆ ಗಾಳಿ ನುಗ್ಗಿತ್ತು. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಕಾಲಿನ ಬಲವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಗಾಳಿ ಕುಗ್ಗಿ ಕೂರುತ್ತದೆ. ನೋಡಿ ವಿಪರ್ಯಾಸ, ಹಿಟ್ಟಿನೊಳಗೆ ಗಾಳಿ ತುಂಬಿಸುವುದೇ ನನ್ನ ಜೀವಮಾನದ ಉದ್ಯೋಗ. ಉಬ್ಬದ ಹಿಟ್ಟು ಕಂಡರೆ ನನಗೆ ಊಟ ಸೇರದು. ಚಿಕ್ಕಂದಿನಲ್ಲಿ ಯಾರಾದರೂ ವಿಚಿತ್ರವಾಗಿ ಆಡಿದರೆ ‘ಅವನಿಗೆ ಗಾಳಿ ಹಿಡಿದಿದೆ’ ಎನ್ನುತ್ತಿದ್ದರು, ಬಿಡಿಸಲು ಮಂತ್ರವಾದಿ ಬರುತ್ತಿದ್ದ. ಈಗ ಪಿಕಪ್ಪಿನ ಗಾಳಿ ಬಿಡಿಸಲು ದಸ್ತಗೀರ್ ಅದರ ಕೆಳಗೆ ನುಸುಳಿದರು.

ಸಿಲಿಂಡರ್ ಬದಲಾಯಿಸಿ, ಎಣ್ಣೆ ತುಂಬಿಸಿ ಆಯಿತು. ಗಾಳಿ ತೆಗೆಯಲು ಮಾತ್ರ ಇಬ್ಬರು ಬೇಕು. ಒಬ್ಬ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಹತ್ತಿರದ ನಟ್ಟು ಸಡಿಲಿಸಿ ಗಾಳಿ ಹೊರಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ಎತ್ತಿದರೆ ಹೋದ ಗಾಳಿ ಹಾಗೇ ಒಳಗೆ! “ನಾ ಬಿಡ್ರಿ ಅನ್ನೂತನಕ ಕಾಲ ಎತ್ತಬ್ಯಾಡ್ರಿ” ಎಂದು ತಾಕೀತು ಮಾಡಿ, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ನಾನು ಗಾಡಿ ಓಡಿಸುವವನಲ್ಲ, ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಪೆಡಲಿನ ರಬ್ಬರು ಒಂದು ಬದಿ ಸವೆದು ನುಣ್ಣಗಾಗಿತ್ತು. ಜಯಕರ ವರ್ಷಗಟ್ಟಲೆ ಒತ್ತಿದ ಜಾಗ. ಅಲ್ಲಿ ಕಾಲಿಡಲು ನಾಚಿಕೆಯಾಯಿತು.

“ಹಿಡೀರಿ!” ಒತ್ತಿ ಹಿಡಿದೆ.

“ಗಾಳಿ ಬರಾಕತ್ತೈತಿ ಬಿಡ್ರಿ!” ಬಿಟ್ಟೆ.

“ಹಿಡೀರಿ! ಭಾಳ ಐತಿ ಬಿಡ್ರಿ!” ಬಿಟ್ಟೆ.

ಮುಕ್ಕಾಲು ಗಂಟೆ ಹೀಗೇ ನಡೆಯಿತು. ಪೆಡಲು ಮಾತ್ರ ಹದ ಬಂದ ಇಡ್ಲಿಯಷ್ಟೇ ಮೆದು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಅಡಿಯಿಂದ ನಿಟ್ಟುಸಿರಿನ ಜೊತೆ ಒಂದು ಮಾತು ಬಂತು: “ಇದು ಇವತ್ತ ಮುಗಿಯೂದಿಲ್ಲ ಬಿಡ್ರಿ.” ನಾನು ವಿಧೇಯನಾಗಿ ಬಿಟ್ಟೆ.

ದಸ್ತಗೀರ್ ಹೊರಗೆ ತೆವಳಿ ಬಂದು ನನ್ನ ಕಾಲನ್ನೇ ನೋಡಿದರು. “ಯಾಕ್ರೀ ಶೇಟ್ರ, ಕಾಲ ಎತ್ತೀರಿ?”

“ನೀವೇ ಬಿಡ್ರಿ ಅಂದಿರಲ್ಲ ಮಾರಾಯ್ರೆ!”

“ನಾ ಎಲ್ಲಿ ಅಂದೆ ಬಿಡ್ರಿ!”

ದೇವರಾಣೆ, ಆಗಲೂ ಕಾಲು ತಾನಾಗಿ ಇನ್ನೊಂದು ಗೇಣು ಮೇಲೆ ಹೋಯಿತು.

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವರ ಕಡೆ ‘ಬಿಡ್ರಿ’ ಮಾತಿನ ಕೊನೆಗೆ ಹಚ್ಚುವ ಬರೀ ಒಗ್ಗರಣೆ. ನಮ್ಮ ಕಡೆ ಬಿಡಿ ಎಂದರೆ ಬಿಡುವುದೇ. ಅವರು ಹೊರಹಾಕಿದ ಗಾಳಿಯನ್ನು ನಾನು ನಿಷ್ಠೆಯಿಂದ ಒಳಗೆ ಸೇರಿಸುತ್ತಾ ಕೂತಿದ್ದೆ. ದಸ್ತಗೀರ್ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ, ಗಡಿಯಾರ ಕಾಣುತ್ತಿತ್ತು. ಕೊನೆಗೆ ಇಬ್ಬರು ಕನ್ನಡಿಗರು ಒತ್ತಲು ‘ದಬಾವ್’, ಬಿಡಲು ‘ಛೋಡೋ’ ಎಂದು ಹಿಂದಿಯಲ್ಲಿ ಒಪ್ಪಂದ ಮಾಡಿಕೊಂಡೆವು. ಇಪ್ಪತ್ತು ನಿಮಿಷದಲ್ಲಿ ಪೆಡಲು ಕಲ್ಲಿನ ಹಾಗೆ ನಿಂತಿತು. ದಸ್ತಗೀರ್ ಗಲ್ಲಿಯಲ್ಲಿ ನಾಲ್ಕು ಸುತ್ತು ಓಡಿಸಿ, ನಾಲ್ಕು ಸಲ ಗಕ್ಕನೆ ನಿಲ್ಲಿಸಿ ತೋರಿಸಿದರು.

ಹೆದರುಪುಕ್ಕಲರ ಕಷ್ಟ ಏನೆಂದರೆ, ರಿಪೇರಿಯಾಗುವುದು ಗಾಡಿ, ಅವರಲ್ಲ. ಸಾಂಬಾರು ಏರಿದ ಮೇಲೆ ನಾನೂ ಹತ್ತಿ, ಅಷ್ಟರಲ್ಲಿ ಫೋರ್ಟಿನಿಂದ ಮರಳಿದ್ದ ಜಯಕರನ ಪಕ್ಕ ಕೂತೆ. “ನೀನು ಎಲ್ಲಿಗೆ?” ಎಂದ. “ಸುಮ್ಮನೆ, ಗಾಳಿ ತಿನ್ನಲಿಕ್ಕೆ” ಎಂದೆ. ದಾರಿಯುದ್ದಕ್ಕೂ ರಿಕ್ಷಾ ಅಡ್ಡ ಬಂದರೂ ಸರಿ, ನಾಯಿ ಅಡ್ಡ ಬಂದರೂ ಸರಿ, ನನ್ನ ಬಲಗಾಲು ಪೆಡಲೇ ಇಲ್ಲದ ನೆಲವನ್ನು ಒತ್ತುತ್ತಿತ್ತು. ಜಯಕರ ಓರೆಗಣ್ಣಿನಲ್ಲಿ ನೋಡಿಯೂ ನೋಡದವನಂತಿದ್ದ. ಪವಾಯಿಯ ಇಳಿಜಾರು ಶುರುವಾದಾಗ ನನ್ನ ಕಾಲು ಗಟ್ಟಿಯಾಗಿ ಅಲ್ಲೇ ಊರಿಕೊಂಡುಬಿಟ್ಟಿತು.

“ನಗಾಡಬೇಡ ಮಾರಾಯ, ಹೆದರಿಕೆ” ಎಂದೆ.

“ನಗಾಡುದಿಲ್ಲ ಅಣ್ಣ” ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. “ಮೂರು ದಿನ ನಾನು ಒಬ್ಬನೇ ಹೆದರಿದ್ದು. ಇವತ್ತು ಇಬ್ಬರು ಇದ್ದೇವಲ್ಲ, ಅಡ್ಡಿಯಿಲ್ಲ.”

ಇಳಿಜಾರಿನ ಬುಡದಲ್ಲಿ ಸಿಗ್ನಲ್ ಕೆಂಪಾಯಿತು. ಇಬ್ಬರೂ ಒತ್ತಿದೆವು. ಗಾಡಿ ನಿಂತಿತು.