ದಿಮ್ಮಿ ಒರೆಸಿದ ಭಾವ

ಡೊಂಬಿವ್ಲಿಯಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಯಜ್ಞೇಶ್ವರ ಭಾವ ಮಾಲಕರೆಂಬುದು ಲೈಸೆನ್ಸಿನಲ್ಲಿ ಮಾತ್ರ; ಗಿರಾಕಿ ಕೂತರೆ ವೇಟರಿಗಿಂತ ಮೊದಲು ಟವಲು ಹಿಡಿದು ಓಡುವವರು ಅವರೇ. ಅವರ ಪ್ರವಾಸವೆಂದರೆ ಕಂಡವರ ಹೋಟೆಲುಗಳ ತಪಾಸಣೆ. ಈ ಸಲವೂ ಕಾರು ಪನವೇಲ್ ಮುಟ್ಟುವ ಮೊದಲೇ, ದಾರಿಬದಿಯ ಹೋಟೆಲೊಂದರ ಬರೀ ಬೋರ್ಡು ನೋಡಿ, "ಇವನ ಸಾಂಬಾರು ನೀರು ಮಾರಾಯ" ಎಂದು ನನಗೆ ತೀರ್ಪು ಕೊಟ್ಟಾಗಿತ್ತು. ಘಟ್ಟದ ಕಾಡಂಚಿನಲ್ಲಿ, ಹಿಂದೆ ಮರ ಕಡಿದು ಸಾಗಿಸುತ್ತಿದ್ದ ಬಗೆಯನ್ನು ತೋರಿಸುವ ಬಯಲು ಮ್ಯೂಸಿಯಂ ಒಂದಿತ್ತು; ನನ್ನ ಅಕ್ಕ ವಾರಿಜಾಳ ಹಟಕ್ಕೆ ಅಲ್ಲಿ ಇಳಿದೆವು. ಆಳುದ್ದದ ಗರಗಸಗಳ ಮುಂದೆ ನಿಂತು ಭಾವ, "ಪಾರ್ಕಿಂಗ್ ಲಾಯ್ಕುಂಟು" ಎಂದರು. ಆನೆಗಳು ದಿಮ್ಮಿ ಎಳೆಯುತ್ತಿದ್ದ ಸರಪಳಿ ಕಂಡು, "ಇಲ್ಲೊಂದು ಕ್ಯಾಂಟೀನ್ ಹಾಕ್ಲಿಕ್ಕೆ ಇವರಿಗೆಂತ ರೋಗ?" ಎಂದು ಸಿಟ್ಟಾದರು. ಆನೆಗಳು ಹಸಿದುಕೊಂಡೇ ದುಡಿದವೆಂಬ ಸಂಕಟವಿರಬೇಕು. ಅಷ್ಟರಲ್ಲಿ ಕಾಲು ಸೋತ ಅಕ್ಕ ಮೇಜಿನಷ್ಟು ಅಗಲವಾದ ತೇಗದ ದಿಮ್ಮಿಯೊಂದರ ಎದುರಿನ ಬೆಂಚಿನಲ್ಲಿ ಕುಳಿತಳು. ಭಾವನ ಕೈ ತಾನಾಗಿ ತಮ್ಮ ಹೆಗಲ ಮೇಲಿನ ಟವಲಿಗೆ ಹೋಯಿತು. ಅದರಿಂದ ಆ ದಿಮ್ಮಿಯನ್ನು ಉದ್ದಗಲಕ್ಕೂ ಒರೆಸಿ, ತುಸು ಬಗ್ಗಿ, "ಬೋಲಿಯೇ ಮೇಡಮ್, ಕ್ಯಾ ಲಾವೂಂ?" ಎಂದೇಬಿಟ್ಟರು. ನಾನು ನಕ್ಕೆ. ಅಕ್ಕ ನಗಲಿಲ್ಲ. ಮದುವೆಯಾದಂದಿನಿಂದ ಆ ಹೋಟೆಲಿನ ಸಾಂಬಾರುಪುಡಿಯನ್ನೆಲ್ಲ ಮನೆಯಲ್ಲಿ ಹುರಿದು ಕಳಿಸಿ, ಒಮ್ಮೆಯೂ ಅಲ್ಲಿಯ ಟೇಬಲ್ಲಿಗೆ ಕೂರದವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. "ಒಂದು ಮಸಾಲೆದೋಸೆ," ಎಂದಳು. "ಅರ್ಜೆಂಟಿಲ್ಲ. ಇಷ್ಟು ವರ್ಷ ಕಾದಿದ್ದೇನಲ್ಲ."