ನಿದ್ದೆಯಿಲ್ಲದ ಸ್ಲೀಪಿಂಗ್ ಪಾರ್ಟ್ನರ್

ಪೀಣ್ಯದಲ್ಲಿ ಬಾಡಿಗೆ ಶೆಡ್ಡು ಹಿಡಿದು ಎರಡು ಲೇತ್ ಮೆಷಿನ್ ಹಾಕಬೇಕೆಂದು ನನ್ನ ಗಂಡ, ಮೈದುನ ಇಬ್ಬರೂ ತೀರ್ಮಾನಿಸಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಗಂಡ ಸರ್ಕಾರಿ ಕಾರ್ಖಾನೆಯ ನೌಕರ. ಅವರ ಹೆಸರಿನಲ್ಲಿ ವ್ಯಾಪಾರ ಇರುವಂತಿಲ್ಲ. ಎಲ್ಲವನ್ನೂ ತಮ್ಮನ ಹೆಸರಿಗೇ ಮಾಡಿದರೆ ನಾಳೆ ಏನಾಗುತ್ತದೋ ಎಂಬ ಅನುಮಾನ ಬೇರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಲಹೆಗೆಂದು ಮನೆಗೆ ಕರೆಸಿದ್ದ ಆಡಿಟರಿಗೆ ಹೇಳದೆಯೇ ಅರ್ಥವಾಯಿತು.

“ಪಾರ್ಟ್ನರ್‌ಶಿಪ್ ಮಾಡಿ ಸಾರ್. ತಮ್ಮ ವರ್ಕಿಂಗ್ ಪಾರ್ಟ್ನರ್, ಮೇಡಂ ಸ್ಲೀಪಿಂಗ್ ಪಾರ್ಟ್ನರ್,” ಎಂದರು ಅವರು, ನಾನು ಕೊಟ್ಟ ಕಾಫಿ ಕುಡಿಯುತ್ತಾ.

“ಹಂಗಂದ್ರೇನ್ರೀ?” ಎಂದು ಗಂಡನನ್ನು ಕೇಳಿದೆ.

“ನಿಂದೇನೂ ಕೆಲ್ಸ ಇಲ್ಲ ಕಣೆ. ಸೈನ್ ಹಾಕ್ಬಿಟ್ಟು ಹಾಯಾಗಿರು.”

ಆ ಹಾಯಿ ಒಂದು ತಿಂಗಳೂ ನಡೆಯಲಿಲ್ಲ. ಲೇತಿನಲ್ಲಿ ಕಡೆದು ಬಂದ ಹಿತ್ತಾಳೆ ಬಿಡಿಭಾಗಗಳ ಅಂಚು ಚೂಪಾಗಿರುತ್ತದೆ; ಅರದಿಂದ ಉಜ್ಜಿ ನುಣುಪು ಮಾಡದಿದ್ದರೆ ದೊಡ್ಡ ಕಾರ್ಖಾನೆಯವರು ಮಾಲನ್ನೇ ವಾಪಸ್ ಕಳಿಸುತ್ತಾರೆ. ಅದಕ್ಕೊಬ್ಬ ಆಳು ಯಾಕೆಂದು ಮೈದುನ ಬೆಳಗಾಗುತ್ತಲೇ ಸ್ಕೂಟರಿನಲ್ಲಿ ಕ್ರೇಟು ತಂದು ದಾಸರಹಳ್ಳಿಯ ನಮ್ಮ ಮನೆ ಜಗಲಿಯ ಮೇಲಿಡುತ್ತಿದ್ದ. ಒಲೆಯ ಮೇಲೆ ಸಾರು, ಮಡಿಲಲ್ಲಿ ಬಿಡಿಭಾಗಗಳ ತಟ್ಟೆ, ಕೈಯಲ್ಲಿ ಅರ. ಅನ್ನ ಕಲಸುವಾಗ ಬೆರಳ ತುದಿ ಚುರುಗುಟ್ಟುತ್ತಿತ್ತು. ಮಧ್ಯಾಹ್ನ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೆ ಸಾಕಪ್ಪಾ ಅನ್ನಿಸುತ್ತಿತ್ತು. ಮನೆಗೆ ಬಂದವರಿಗೆ ಗಂಡ, “ಇವಳೇ ನಮ್ಮ ಸ್ಲೀಪಿಂಗ್ ಪಾರ್ಟ್ನರ್” ಎಂದು ನಗುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಂಪನಿಯ ಪತ್ರದಲ್ಲಿ ನನ್ನ ಹೆಸರಿದೆಯಲ್ಲ ಎಂಬ ಸಣ್ಣ ಹೆಮ್ಮೆ. ಅದೇ ನನ್ನನ್ನು ದಿನಾ ಜಗಲಿಯ ಮೇಲೆ ಕೂರಿಸುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಗಂಡ ಕೆಲಸ ಬಿಟ್ಟರು. ಮತ್ತೆ ಅದೇ ಆಡಿಟರು, ಮತ್ತೆ ಕಾಫಿ.

“ಈಗ ಪ್ರೈವೇಟ್ ಲಿಮಿಟೆಡ್ ಮಾಡೋಣ ಸಾರ್. ಅಣ್ಣ ತಮ್ಮ ಇಬ್ರೇ ಡೈರೆಕ್ಟರ್ಸ್. ಮೇಡಂ ರಿಟೈರ್ ಆದ್ರು ಅಂತ ಬರೆದ್ಬಿಡ್ತೀನಿ.”

ಇಬ್ಬರಲ್ಲಿ ಒಬ್ಬರಾದರೂ “ಬೇಡ, ಅವಳೂ ಇರಲಿ” ಅಂತಾರೇನೋ ಎಂದು ಕಾದೆ. ಗಂಡ ಪೆನ್ನು ಮುಂದೆ ಹಿಡಿದರು. ಸೈನ್ ಹಾಕಿದೆ. ಅಳು ಬಂತು, ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮಾರನೆಯ ಬೆಳಗ್ಗೆ ಕ್ರೇಟು ಎಂದಿನಂತೆ ಬಂತು.

“ಅತ್ತಿಗೆ, ಇವತ್ತು ಸ್ವಲ್ಪ ಜಾಸ್ತಿ ಇದೆ. ಸಂಜೆಗೇ ಬೇಕಿತ್ತು,” ಎಂದ ಮೈದುನ.

“ನಾನು ರಿಟೈರ್ ಆಗಿದ್ದೀನಲ್ಲಪ್ಪ,” ಎಂದೆ.

ತಮಾಷೆ ಇರಬೇಕೆಂದು ಅವನು ನಕ್ಕ. ಆಮೇಲೆ ಅಣ್ಣನ ಮುಖ ನೋಡಿದ. ನಾನು ನನ್ನ ಎರಡೂ ಅರಗಳನ್ನು ಕ್ರೇಟಿನ ಮೇಲಿಟ್ಟು, ಒಳಗೆ ಹೋಗಿ ಚಾಪೆ ಹಾಸಿ ಮಲಗಿಬಿಟ್ಟೆ.

ತುಸು ಹೊತ್ತಿಗೆ ಜಗಲಿಯಿಂದ ಉಜ್ಜುವ ಸದ್ದು ಕೇಳಿಸಿತು. ಡೈರೆಕ್ಟರುಗಳಿಬ್ಬರದೂ ಪಳಗದ ಕೈ, ಸದ್ದು ತಡೆತಡೆದು ಬರುತ್ತಿತ್ತು. ಕೇಳುತ್ತಾ ಕೇಳುತ್ತಾ ನನಗೆ ನಿದ್ದೆ ಬಂತು.